ಚರ್ಚಿನೊಳಗೆ ಸಾಲಿ ನಡೆಸಿದ ಅಕ್ಕೋರು

ಇಳಕಲ್ಲಿಗೆ ಹತ್ತಿರದ ನಮ್ಮೂರಲ್ಲಿ ನೇಕಾರರ ಮಕ್ಕಳೆಲ್ಲ ಕಲಿತದ್ದು ಮಿಷನ್ ಶಾಲೆಯಲ್ಲಿ. ಬ್ರಿಟಿಷರ ಕಾಲದಲ್ಲಿ ಪರದೇಶದ ಪಾದ್ರಿಗಳು ಕಟ್ಟಿಸಿದ ಕಲ್ಲಿನ ಕಟ್ಟಡವದು. ಅರ್ಧ ಚರ್ಚು, ಅರ್ಧ ಶಾಲೆ. ನಮಗೆ ಕಲಿಸುತ್ತಿದ್ದ ಅಕ್ಕೋರು ಸೆರಗನ್ನು ಸೊಂಟಕ್ಕೆ ಬಿಗಿದೇ ಒಳಗೆ ಬರುತ್ತಿದ್ದರು. ತಡವಾಗಿ ಬಂದವರನ್ನು ಬೈಯುತ್ತಿರಲಿಲ್ಲ. "ಬಾ, ಇವ್ರು ಸರದು ಕುಂದರ್ತಾರ," ಎಂದು ಜಾಗ ಮಾಡಿಕೊಡುತ್ತಿದ್ದರು.

ಒಂದು ಮಳೆಗಾಲ ಶಾಲೆಯಿದ್ದ ಅರ್ಧದ ಹಂಚಿನ ಮಾಡು ಕುಸಿಯಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ರಿಪೇರಿ ಆಗುವವರೆಗೆ ಶಾಲೆಗೆ ರಜೆ ಎಂದರು ಚರ್ಚಿನ ಹಿರಿಯರು. ಅಷ್ಟು ದಿನ ಮನೆಯಲ್ಲಿ ಉಳಿದರೆ ನಮ್ಮನ್ನು ಮಗ್ಗಕ್ಕೆ ಕೂರಿಸುತ್ತಾರೆ, ಮತ್ತೆ ಕಳಿಸುವುದಿಲ್ಲ ಎಂಬುದು ಅಕ್ಕೋರಿಗೆ ಗೊತ್ತಿತ್ತು. ಮರುದಿನ ಕರಿಹಲಗೆಯನ್ನು ತಾವೇ ಹೊತ್ತು ಚರ್ಚಿನತ್ತ ನಡೆದರು.

ಹಿರಿಯರೊಬ್ಬರು ಬಾಗಿಲಲ್ಲೇ ತಡೆದರು. "ಅಕ್ಕೋರ, ಇದು ಪ್ರಾರ್ಥನಾ ಮಾಡೋ ಜಾಗಾರಿ."

"ಹೌದ್ರಿ. ಆದ್ರ ಕಟ್ಟಿದವರು ಮೊದಲ ಸಾಲಿ ತಗದ್ರು, ಪ್ರಾರ್ಥನಾಕ್ಕ ಮಂದಿ ಆಮ್ಯಾಲ ಬಂದ್ರು. ನೀವೂ ಇಲ್ಲೇ ಕಲಿತವರಲ್ರಿ?"

ಹಿರಿಯರು ಬಾಗಿಲು ಬಿಟ್ಟು ಬಂದು, ಹಲಗೆಯ ಇನ್ನೊಂದು ತುದಿ ಹಿಡಿದರು.

ಆ ವರ್ಷ ನಮ್ಮಲ್ಲಿ ಯಾರೂ ಶಾಲೆ ಬಿಡಲಿಲ್ಲ. ಮೊದಲ ಭಾನುವಾರದ ಪ್ರಾರ್ಥನೆ ಮುಗಿದು ಸೋಮವಾರ ನಾವು ಒಳಗೆ ಹೋದಾಗ, ಶಿಲುಬೆಯ ಕೆಳಗಿನ ಹಲಗೆಯ ಮೇಲೆ ಶನಿವಾರ ಬರೆದ ಏಳರ ಮಗ್ಗಿ ಹಾಗೇ ಇತ್ತು. ಯಾರೂ ಒರೆಸಿರಲಿಲ್ಲ.