ಬುಬಿಯಾನ್ ಕೊಕ್ಕರೆಗಳ ರೋಲು

ಕುವೈತಿನ ಶುವೈಖ್ ಬಂದರಿನ ಉಗ್ರಾಣದಲ್ಲಿ ಹನ್ನೊಂದು ವರ್ಷ ಸ್ಟೋರ್‌ಕೀಪರ್ ಆಗಿದ್ದ ಶ್ಯಾಮಸುಂದರನಿಗೆ ಚೀಟಿ ಅಂಟಿಸುವ ಚಟ. ಮನೆಯಲ್ಲಿ ಉಪ್ಪಿನ ಡಬ್ಬಿಗೂ ಚೀಟಿ, ಕೊಡೆಗೂ ಚೀಟಿ. ಹೆಸರು, ಕಟ್ಟಡ, ಮಹಡಿ, ಇಂಗ್ಲಿಷಿನಲ್ಲೊಮ್ಮೆ, ಅರಬ್ಬಿಯಲ್ಲೊಮ್ಮೆ. “ಹೆಸರಿಲ್ಲದ ಸಾಮಾನು ಕಳ್ಳನ ಸಾಮಾನು” ಎನ್ನುತ್ತಿದ್ದ. ಅಕ್ಕನ ಹಣೆಗೆ ಅಂಟಿಸದಿದ್ದದ್ದೇ ಪುಣ್ಯ ಎಂದು ಅವನ ಹೆಂಡತಿಯ ತಮ್ಮ ತಿಲಕ್ ನಗುತ್ತಿದ್ದ. ತಿಲಕನೂ ಬ್ನೇದ್ ಅಲ್ ಗಾರ್ ಬಡಾವಣೆಯ ಅದೇ ಮನೆಯಲ್ಲಿದ್ದ.

ಇನ್ನೊಂದು ಚಟ ಕ್ಯಾಮೆರಾದ್ದು. ೧೯೯೦ರ ಏಪ್ರಿಲ್‌ನಲ್ಲಿ ಶುಕ್ರವಾರದ ರಜೆ ಬಂದರೆ ಸಾಕು, ಪರಿಚಯದ ಮೀನುಗಾರನ ದೋಣಿ ಹತ್ತಿ ಬುಬಿಯಾನ್ ದ್ವೀಪಕ್ಕೆ ಹೊರಟುಬಿಡುತ್ತಿದ್ದ. ಅಲ್ಲಿ ಮರವೆಂಬುದೇ ಇಲ್ಲ. ಮೊಣಕಾಲೆತ್ತರದ ಕುರುಚಲು ಗಿಡಗಳ ಮೇಲೆ ಬೂದುಗಪ್ಪು ಕೊಕ್ಕರೆಗಳು ಕಡ್ಡಿ ಒಟ್ಟಿ ಗೂಡು ಕಟ್ಟುತ್ತಿದ್ದವು. ಇವನು ಕೆಸರಿನಲ್ಲಿ ಬೋರಲು ಮಲಗಿ ಗಂಟೆಗಟ್ಟಲೆ ಕಾಯುತ್ತಿದ್ದ. ಬಕಧ್ಯಾನವೆಂದರೆ ಬಕದ್ದಲ್ಲ, ಈ ಮನುಷ್ಯನದು. ಗಂಡು ಎಲ್ಲಿಂದಲೋ ಒಂದು ಕಡ್ಡಿ ತಂದು ಹೆಣ್ಣಿನ ಕೊಕ್ಕಿಗೆ ಕೊಡುವುದು, ಅದು ಕತ್ತು ಚಾಚಿ ತೆಗೆದುಕೊಂಡು ಗೂಡಿಗೆ ಸಿಕ್ಕಿಸುವುದು, ತಿಳಿನೀಲಿ ಮೊಟ್ಟೆಗಳನ್ನು ಕೊಕ್ಕಿನಿಂದ ಮೆಲ್ಲಗೆ ಹೊರಳಿಸಿ ಕೂರುವುದು. ಒಂದೊಂದನ್ನೂ ಅವನು ಕ್ಲಿಕ್ಕಿಸುತ್ತಿದ್ದ.

ಕೊನೆಯ ಶುಕ್ರವಾರ ಯಾಕೋ ಹಕ್ಕಿಗಳು ಗೂಡಿನಲ್ಲಿ ನಿಲ್ಲಲಿಲ್ಲ. ಎಲ್ಲವೂ ಒಟ್ಟಿಗೆ ಎದ್ದು, ಕರ್ಕಶವಾಗಿ ಕೂಗುತ್ತಾ ಸುತ್ತು ಹೊಡೆದು ಮತ್ತೆ ಇಳಿದವು. ಅವನು ಉತ್ತರಕ್ಕೆ ನೋಡಿದ. ಇರಾಕಿನ ದಡ ಬಿಟ್ಟರೆ ಏನೂ ಕಾಣಲಿಲ್ಲ. ಮತ್ತೊಮ್ಮೆ ಎದ್ದಾಗ ಕ್ಲಿಕ್ಕಿಸಿದ. ಹಕ್ಕಿಗಳ ಹಿಂದೆ ದ್ವೀಪದ ಸೇತುವೆ, ಕಾವಲು ಗೋಪುರ ಎಲ್ಲ ಬಂದವು. ಮೂವತ್ತಾರು ಚಿತ್ರಗಳ ಫಿಲ್ಮ್ ರೋಲಿನಲ್ಲಿ ಇನ್ನೂ ಐದು ಉಳಿದಿದ್ದವು; ಅವು ಮುಂದಿನ ವರ್ಷದ ಗೂಡುಗಳಿಗೆ. ರೋಲು ಮುಗಿಯದೆ ತೊಳೆಯಲು ಕೊಡುವ ಆಸಾಮಿಯಲ್ಲ ಅವನು. ಅದರ ಪುಟ್ಟ ಡಬ್ಬಿಗೆ ಮಾತ್ರ ಅಂದೇ ಚೀಟಿ ಬಿತ್ತು.

ಆಗಸ್ಟ್‌ನಲ್ಲಿ ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಮನೆಮನೆ ಶೋಧ ಶುರುವಾಯಿತು. ಸೇತುವೆಯ ಚಿತ್ರ ಸಿಕ್ಕಿದರೆ ಗೂಢಚಾರನೆಂದು ಗುಂಡಿಕ್ಕುತ್ತಾರೆ ಎಂಬ ಮಾತು ಕಟ್ಟಡದ ಮೆಟ್ಟಿಲುಗಳಲ್ಲಿ ಹಬ್ಬಿತು.

“ಆ ಕೊಕ್ಕರೆ ರೋಲು ಬಿಸಾಡಿ ಮಾರಾಯ್ರೆ. ಸಣ್ಣ ಮಗು ಉಂಟು ನಮ್ಗೆ,” ಎಂದಳು ಹೆಂಡತಿ ಕುಸುಮಾವತಿ.

“ಕ್ಯಾಮೆರಾದೊಟ್ಟಿಗೆ ಅದನ್ನೂ ಬಿಸಾಡಿ ಆಯ್ತು,” ಎಂದ.

ಕ್ಯಾಮೆರಾ ಬಿಸಾಡಿದ್ದು ನಿಜ. ರೋಲನ್ನು ಮಾತ್ರ ಬಿಡಲಾಗಲಿಲ್ಲ. ಅದೇ ಪುಟ್ಟ ಡಬ್ಬಿಗೆ ತುಂಬಿ, ಮಗಳು ಅಪೇಕ್ಷಾಳ ಹಾಲಿನ ಪುಡಿಯ ದೊಡ್ಡ ಡಬ್ಬದ ತಳದಲ್ಲಿ ಹೂತಿಟ್ಟ.

ಸೆಪ್ಟೆಂಬರ್‌ನಲ್ಲಿ ಜೋರ್ಡಾನಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ತಿಲಕ್ ಬರುವಂತಿರಲಿಲ್ಲ; ಅವನ ಪಾಸ್‌ಪೋರ್ಟ್ ಊರು ಬಿಟ್ಟು ಓಡಿದ ಕಫೀಲ್‌ನ, ಎಂದರೆ ವೀಸಾ ಕೊಟ್ಟ ಧಣಿಯ, ತಿಜೋರಿಯಲ್ಲಿತ್ತು.

“ನೀವು ಹೋಗಿ ಭಾವ. ನಾನು ಈ ಮನೆ ಬಿಟ್ಟು ಎಲ್ಲಿಗೂ ಹೋಗುದಿಲ್ಲ,” ಎಂದು ಬೀಗದ ಕೈ ಇಸಿದುಕೊಂಡ.

ಕುವೈತಿನ ಗಡಿಯಲ್ಲಿ ಇರಾಕಿ ಸೈನಿಕನೊಬ್ಬ ಬಸ್ಸು ಹತ್ತಿ ಬ್ಯಾಗು ಬಿಚ್ಚಿಸಿದ. ಬಟ್ಟೆಗಳನ್ನು ಕೆದಕಿದ. ಹಾಲಿನ ಪುಡಿ ಕಂಡು, ಮುಚ್ಚಳ ತೆಗೆದು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಸೈನಿಕ ಮುಚ್ಚಳ ಹಾಕಿ, ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡು, “ಯಲ್ಲಾ” ಎಂದು ಚಾಲಕನಿಗೆ ಹೊರಡಲು ಕೈಬೀಸಿ ಇಳಿದುಹೋದ.

ಬದುಕಿದೆಯಾ ಬಡಜೀವವೇ ಎಂದುಕೊಂಡ ಶ್ಯಾಮಸುಂದರ. ಬಸ್ಸು ಹತ್ತು ಮೈಲಿ ಹೋದ ಮೇಲೆ ಅವನಿಗೆ ಚೀಟಿ ನೆನಪಾಯಿತು. ಹೆಸರು, ಕಟ್ಟಡ, ಮೂರನೇ ಮಹಡಿ. ಅರಬ್ಬಿಯಲ್ಲೂ. ಆ ಮನೆಯಲ್ಲಿ ಈಗ ಇರುವವನು ತಿಲಕ್ ಒಬ್ಬನೇ. ಫೋನು ಸತ್ತು ತಿಂಗಳಾಗಿತ್ತು. ಹಿಂದಕ್ಕೆ ಹೋಗುವ ಬಸ್ಸೇ ಇರಲಿಲ್ಲ.

ಅಪೇಕ್ಷಾ ಹಸಿದು ಅತ್ತಳು. ಕುಸುಮಾವತಿ ನೀರು ಕುಡಿಸಿ, ಬೆನ್ನು ತಟ್ಟಿ, ಗಂಡನ ಬಿಳಿಚಿದ ಮುಖ ನೋಡಿ ಸಮಾಧಾನ ಹೇಳಿದಳು.

“ಹೋಗ್ಲಿ ಬಿಡಿ, ಒಂದು ಹಾಲಿನ ಪುಡಿಗೆ ಇಷ್ಟು ಬೇಜಾರು ಯಾಕೆ? ಇವಳಿಗಾದ್ರೆ ಒಂದು ತಿಂಗಳು ಬರ್ತಿತ್ತು. ಅವರು ಅಷ್ಟು ಜನ ಇದ್ದಾರೆ, ನಾಲ್ಕು ದಿನದಲ್ಲಿ ತಳ ಕಾಣ್ತದೆ.”