ಬೇಲಿಯಿಲ್ಲದ ಬೆಳೆ

ಬೈಂದೂರು ಹತ್ತಿರದ ಪಡುವರಿಯ ಅಪ್ಪಿ ಹಟಮಾರಿ ಹೆಂಗಸು. ದೋಣಿಯಲ್ಲಿ ಹೋದ ಗಂಡ ಮರಳಿ ಬಾರದಿದ್ದಾಗ, ನಾದಿನಿ ಗೋಪಿ ತನ್ನ ಮನೆಗೇ ಬಂದು ಇರು ಎಂದು ಕರೆದಳು. ಅಪ್ಪಿ ಹೋಗಲಿಲ್ಲ. ಕಡಲ ಇಳಿತದ ಹೊತ್ತಿಗೆ ಬಂಡೆಗಳ ಮೇಲಿನ ಕಡಲಪಾಚಿ ಕಿತ್ತು, ತೆಂಗಿನ ಬುಡದ ಗೊಬ್ಬರಕ್ಕೆಂದು ಮನೆಮನೆಗೆ ಹೊತ್ತುಕೊಟ್ಟು, ಸೇರು ಅಕ್ಕಿ ತಂದು ಬದುಕಿದಳು.

ಮಹಾಯುದ್ಧದ ನಡುವೆ, ನಲವತ್ತಮೂರರಲ್ಲಿ, ಮದರಾಸಿನ ಅಧಿಕಾರಿಯೊಬ್ಬ ಬಂದ. ಪಾಚಿಯಿಂದ ತೆಗೆಯುವ ಅಂಟು ಆಸ್ಪತ್ರೆಗಳಿಗೆ ಬೇಕು, ಜಪಾನಿನಿಂದ ಬರುವುದು ನಿಂತಿದೆ, ನೀವೇ ಬೆಳೆಸಿ ಎಂದ. ಪಾಚಿಯ ತುಂಡುಗಳನ್ನು ನಾರಿನ ಹಗ್ಗಕ್ಕೆ ಕಟ್ಟಿ, ಹೊಳೆ ಕಡಲು ಸೇರುವ ಅಳಿವೆಯ ನೀರಿನಲ್ಲಿ ಗೂಟದಿಂದ ಗೂಟಕ್ಕೆ ಎಳೆಯಬೇಕಂತೆ. ಗದ್ದೆಗೆ ನೆಡುವ ನೇಜಿಯನ್ನು ಕಡಲಿಗೇ ನೆಡುವುದೋ ಎಂದು ಊರು ನಕ್ಕಿತು. ಅಪ್ಪಿ ನಗಲಿಲ್ಲ. ಶಿವರಾತ್ರಿಗೆ ತುಂಬಿದ ಹಗ್ಗ ತೋರಿಸಿದರೆ ಅಳಿವೆಯ ಆ ಮೂಲೆಯನ್ನು ಅವಳ ಹೆಸರಿಗೇ ಬರೆಸಿಕೊಡುವುದಾಗಿ ಅಧಿಕಾರಿ ಹೇಳಿದ್ದ. ಗೇಣು ನೆಲವಿಲ್ಲದವಳಿಗೆ ಗೇಣು ನೀರಾದರೂ ಸಿಗುವುದಿತ್ತು.

ಮೊದಲ ಸಲ ಗಂಟು ಬಿಗಿಯಾಗಿ ಪಾಚಿಯ ಕುತ್ತಿಗೆಯೇ ಕತ್ತರಿಸಿತು. ಎರಡನೆಯ ಸಲ ಸಡಿಲಾಗಿ ಪಾಚಿ ಉಬ್ಬರದ ನೀರಿನ ಪಾಲಾಯಿತು. ಮೂರನೆಯ ಸಲ ಹಿಡಿಯಿತು. ಮಾಘದ ಹೊತ್ತಿಗೆ ಹಗ್ಗ ತೋಳಿನಷ್ಟು ದಪ್ಪವಾಗಿತ್ತು. ಅಪ್ಪಿ ಸೊಂಟದುದ್ದ ನೀರಿನಲ್ಲಿ ನಿಂತು ಅದನ್ನು ಸವರಿ ಸವರಿ ನೋಡುತ್ತಿದ್ದಳು.

ಶಿವರಾತ್ರಿಗೆ ಎರಡು ದಿನವಿದೆಯೆನ್ನುವಾಗ ಹೋಗಿ ನೋಡುತ್ತಾಳೆ, ಹಗ್ಗ ಬೋಳು! ಪಾಚಿಯೆಲ್ಲ ನಾರಿನ ಗಂಟಿನ ಸಮೇತ ಗೋಪಿಯ ತೆಂಗಿನ ಬುಡದಲ್ಲಿ ಬಿದ್ದಿತ್ತು.

ಗೋಪಿ ಕಳ್ಳಿಯಲ್ಲ, ಅದೇ ಸಂಕಟ. ಜಗುಲಿಗೆ ಕರೆದು ಗಂಜಿ ಬಡಿಸಿದಳು.

“ಕಡ್ಲಂಗೆ ಬೆಳ್ದದ್ ಎಲ್ಲರ್ದೂ ಅಲ್ದಾ? ನೀ ಹಗ್ಗಕ್ಕ್ ಕಟ್ಟಿದ್ದಕ್ಕೆ ನಂಗ್ ಬಂಡೆ ಹತ್ತುದ್ ತಪ್ತ್.”

ಅಪ್ಪಿ ಗಂಜಿಯ ಬಟ್ಟಲನ್ನು ಹಿಂದಕ್ಕೆ ತಳ್ಳಿದಳು. ಆದರೆ ಇಷ್ಟು ವರ್ಷ ಅವಳು ಪಾಚಿ ಕಿತ್ತದ್ದೂ ಇದೇ ಮಾತಿನ ಮೇಲೆ. ಯಾವ ಬಂಡೆಯ ಪಾಚಿಗೆ ಯಾರನ್ನು ಕೇಳಿದ್ದಳು?

ಅಧಿಕಾರಿ ಹೇಳಿದ ದಿನಕ್ಕೆ ಬಂದ. ಬೋಳು ಹಗ್ಗ ನೋಡಿ ಪುಸ್ತಕದಲ್ಲಿ ಏನೋ ಗೀಚಿದ. ಇಲ್ಲಿನ ನೀರಿಗೆ ಪಾಚಿ ಬೆಳೆಯುವುದಿಲ್ಲವೆಂದು ಬರೆದಿದ್ದಾರೆ ಎಂದು ಪಕ್ಕದಲ್ಲಿ ನಿಂತು ಇಣುಕಿದ ಶಾಲೆಯ ಮಾಸ್ತರು ಚಂದಯ್ಯ ಮೆಲ್ಲಗೆ ತಿಳಿಸಿದರು. ಅಪ್ಪಿ ಓಡಿಹೋಗಿ ಗೋಪಿಯ ತೆಂಗಿನ ಬುಡದಿಂದ ಗಂಟುಗಳನ್ನು ಮಡಿಲಲ್ಲಿ ಬಾಚಿ ತಂದು ಅಧಿಕಾರಿಯ ಮುಂದೆ ಸುರಿದಳು.

“ಬೆಳೀಲಿಲ್ಲ ಅಂದ್ ಬರೀಬೇಡಿ,” ಎಂದಳು. “ಬೆಳ್ದದ್ದೇ ತಪ್ಪಾಯ್ತ್.”

ಕೊಳೆತ ಪಾಚಿಗೆ ಮೂಗು ಮುಚ್ಚಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಅವನು ಹೊರಟ. ಬರೆದದ್ದನ್ನು ಹೊಡೆದುಹಾಕಲಿಲ್ಲ.

ಮಳೆಗಾಲ ಕಳೆಯಿತು. ಗೋಪಿಯ ತೆಂಗು ಹಿಂದೆಂದೂ ಇಲ್ಲದಷ್ಟು ಹಿಂಗಾರದ ಹೂಗೊಂಚಲು ಬಿಟ್ಟಿತು. ಒಂದು ಬೆಳಿಗ್ಗೆ ಅವಳು ಎಲೆಯಡಿಕೆ ಮೆಲ್ಲುತ್ತ ಅಪ್ಪಿಯ ಗುಡಿಸಲಿಗೆ ಬಂದಳು.

“ಈ ಸರ್ತಿ ಇನ್ನೆರಡ್ ಹಗ್ಗ ಜಾಸ್ತಿ ಕಟ್ಟ್, ಅಪ್ಪಿ. ಮೂಡ್ ಬದಿ ಮರಕ್ಕೂ ಬೇಕ್.”

ಅಪ್ಪಿ ಅಂಗಳದ ಕಡೆ ಕೈ ತೋರಿಸಿದಳು. ಪಾಚಿ ಕಟ್ಟಿದ್ದ ಆ ನಾರಿನ ಹಗ್ಗದ ಮೇಲೆ ಅವಳ ಸೀರೆ ಒಣಗುತ್ತಿತ್ತು.