ಜೇಬಿನ ಬೆಲ್ಲ

ಚಿಕ್ಕಪ್ಪನ ಅಂಗಿಯ ಜೇಬಿನ ತಳದಲ್ಲಿ ಸದಾ ಒಂದು ಕಂದು ಕಲೆ, ಅದರ ಸುತ್ತ ಇರುವೆಗಳು. ಹಿಂದೂಪುರದ ಮಾರ್ಕೆಟ್ಟಿನ ಬೆಲ್ಲ ಮೈಬೆವರಿಗೆ ಕರಗಿ ಬಟ್ಟೆಗೆ ಇಳಿಯುತ್ತಿತ್ತು. ಮಗ್ಗದಲ್ಲಿ ಕೂತಾಗ ಇರುವೆ ಕುತ್ತಿಗೆಗೆ ಹತ್ತಿದರೂ ಅವನ ಲಾಳಿ ನಿಲ್ಲುತ್ತಿರಲಿಲ್ಲ. "ಇವೇ ಕಣ್ಲಾ ನನ್ ನರ್ಸಮ್ಮಂದಿರು. ಔಷ್ದಿ ಜೇಬಲ್ಲೈತಾ ಅಂತ ನೋಡ್ಕಂಡು ಓಯ್ತವೆ" ಎನ್ನುತ್ತಿದ್ದ. ಚಿಕ್ಕಮ್ಮ ಮಾತ್ರ ಆ ಕಲೆಯನ್ನು ಉಜ್ಜುತ್ತ ದಿನವೂ ಬೈಯುತ್ತಿದ್ದಳು.

ಅವನು ಹೆಂಡ ಮುಟ್ಟಿದವನಲ್ಲ. ಆದರೂ ಹರೆಯದಲ್ಲೇ ಮೇದೋಜೀರಕ ಗ್ರಂಥಿಯಲ್ಲಿ ಕಲ್ಲು ಕಟ್ಟಿ, ಹೊಟ್ಟೆನೋವು ಅವನನ್ನು ಬಾಗಿಸಿತ್ತು. ಆಮೇಲೆ ಸಕ್ಕರೆ ಕಾಯಿಲೆ. ಒಮ್ಮೆ ನಾನೂ ಜೊತೆಗೆ ಹೋಗಿದ್ದಾಗ ಡಾಕ್ಟರು ಬಿಡಿಸಿ ಹೇಳಿದರು: ಸಕ್ಕರೆ ತೀರಾ ಇಳಿದಾಗ ಗ್ಲುಕಗಾನ್ ಎಂಬ ಹಾರ್ಮೋನು ಅದನ್ನು ಮೇಲಕ್ಕೆತ್ತಬೇಕು. ಇವನ ಗ್ರಂಥಿ ಹಾಳಾಗಿ ಇನ್ಸುಲಿನ್ ಜೊತೆಗೆ ಅದೂ ಬತ್ತಿದೆ. ಇನ್ಸುಲಿನ್ ಸೂಜಿ ಚುಚ್ಚಿಕೊಂಡ ಮೇಲೆ ತಿನ್ನಲೇಬೇಕು, ಜೇಬಿನಲ್ಲಿ ಸದಾ ಬೆಲ್ಲವಿರಬೇಕು.

"ಅಂಗಾರೆ ಇಳಿಯಾಕೆ ಮೆಟ್ಲೈತೆ, ಹತ್ತಾಕಿಲ್ಲ ಅನ್ನಿ" ಎಂದ ಚಿಕ್ಕಪ್ಪ. ಡಾಕ್ಟರು ನಕ್ಕರು. ನಾನೂ ನಕ್ಕಿದ್ದಿರಬೇಕು.

ಅವನ ಮಗಳ, ಅಂದರೆ ನನ್ನ ತಂಗಿಯ ವೀಳ್ಯಶಾಸ್ತ್ರದ ದಿನ ಗಂಡಿನ ಕಡೆಯವರು ಕಲ್ಯಾಣದುರ್ಗದಿಂದ ತಿಂಡಿ ಹೊತ್ತಿಗೆ ಬರಬೇಕಿತ್ತು. ಹುಡುಗನ ದೊಡ್ಡಪ್ಪ ಫೋನು ಮಾಡಿ, "ಆಗ್ಲೇ ರೊದ್ದಂ ದಾಟಿದ್ವಿ ಬಾವಾ, ಎಲೆ ಹಾಕ್ಸಿ" ಎಂದರು. ಅದನ್ನು ನಂಬಿ ಚಿಕ್ಕಪ್ಪ ಸೂಜಿ ಚುಚ್ಚಿಕೊಂಡ. ಅವರು ಆಗಿನ್ನೂ ಎಷ್ಟೋ ಹಿಂದೆ, ಕಂಬದೂರಿನಲ್ಲಿ ನಂಟರಿಗಾಗಿ ಕಾಯುತ್ತಿದ್ದರಂತೆ. ನಮ್ಮ ಕಡೆ ಎಲ್ಲರೂ ಫೋನಿನಲ್ಲಿ ಹೀಗೆ ಒಂದೆರಡು ಊರು ಮುಂದೆಯೇ ಇರುತ್ತೇವೆ, ಕಾಯುವವರಿಗೆ ಸಮಾಧಾನವಾಗಲಿ ಎಂದು.

ಹೊತ್ತು ಏರಿತು. ಬೀಗರಿಗೆ ತನ್ನ ಕೈಯಾರೆ ಬಡಿಸದೆ ಹೆಣ್ಣಿನ ತಂದೆ ಬಾಯಿಗೆ ಏನೂ ಹಾಕುವಂತಿಲ್ಲ ಎಂಬುದು ನಮ್ಮ ಮನೆಗಳ ಕಟ್ಟಳೆ.

"ಒಂದ್ ಚೂರು ಬೆಲ್ಲನಾದ್ರೂ ಬಾಯಿಗಾಕ್ಕಳ್ರಿ" ಎಂದಳು ಚಿಕ್ಕಮ್ಮ.

"ಇನ್ನೇನ್ ಬಂದ್ಬುಟ್ರು, ಸುಮ್ಕಿರೇ."

ಆಗ ಬೆಲ್ಲ ಅವನ ಕೈಯಲ್ಲಿತ್ತು ಎಂದು ನನ್ನ ನೆನಪು. ಜೇಬಿನಿಂದ ತೆಗೆಯಲೇ ಇಲ್ಲ ಎನ್ನುತ್ತಾಳೆ ತಂಗಿ. ಇಬ್ಬರೂ ಅಲ್ಲೇ ಇದ್ದೆವು.

ವ್ಯಾನು ಬಂದು ನಿಂತಾಗ ಸ್ವಾಗತಿಸಲು ಎದ್ದವನ ಕಾಲು ತೊಡರಿತು. ಮೈಯೆಲ್ಲ ಬೆವರು, ಮಾತು ತೊದಲು. ನೀರಿನ ಚೊಂಬನ್ನು ಹುಡುಗನ ದೊಡ್ಡಪ್ಪನ ಕಾಲ ಮೇಲೆ ಬೀಳಿಸಿ, ನಕ್ಕು, ಗೋಡೆಗೆ ಒರಗಿ ಕುಸಿದ.

ದೊಡ್ಡಪ್ಪ ಪಕ್ಕದವರಿಗೆ ತೆಲುಗಿನಲ್ಲಿ, ಬೆಳಿಗ್ಗೆಯೇ ಕುಡಿದಿದ್ದಾನೆ ಎಂದರು. ಚಿಕ್ಕಮ್ಮ ಸಕ್ಕರೆ ನೀರು ತಂದು ಅವನ ಬಾಯಿಗೆ ಹಿಡಿದಳು. "ಸಕ್ಕರೆ ಇಳಿದೈತೆ ಅಣ್ಣಾ, ಸಕ್ಕರೆ ಕಾಯಿಲೆ."

"ಸಕ್ಕರೆ ಕಾಯಿಲೆಯೋರ್ಗೆ ಸಕ್ಕರೆ ಕುಡಿಸ್ತೀಯೇನಮ್ಮ? ಯಾರ್ ಕಿವಿಗೆ ಹೂ ಇಡ್ತಿದೀಯಾ?"

ತಂಗಿಯೇ ಮುಂದೆ ಬಂದು ಮೇದೋಜೀರಕದ ವಿಷಯ ಹೇಳಿದಳು. ಅದರಿಂದ ಎಲ್ಲ ಇನ್ನೂ ಕೆಟ್ಟಿತು. "ಕುಡಿದ್ರೇ ಅಲ್ವೇನಮ್ಮ ಅದು ಕೆಡೋದು?" ಎಂದು ಅವರು ಚಪ್ಪಲಿ ಮೆಟ್ಟಿಕೊಂಡರು. ಹುಡುಗ ತಲೆ ತಗ್ಗಿಸಿ ಹಿಂದೆ ಹೋದ.

ಸ್ವಲ್ಪ ಹೊತ್ತಿಗೆ ಚಿಕ್ಕಪ್ಪನ ಕಣ್ಣು ತಿಳಿಯಾಯಿತು. ಮೊದಲು ಕೇಳಿದ್ದು, "ಬೀಗ್ರು ಉಂಡ್ರಾ?"

"ಉಂಡು ಓದ್ರು ಕಣ್ರಿ" ಎಂದಳು ಚಿಕ್ಕಮ್ಮ.

ನಡುಮನೆಯಲ್ಲಿ ಎಲೆಗಳು ನೀರು ಚಿಮುಕಿಸಿದ್ದ ಹಾಗೇ ಇದ್ದವು. ಅವನು ಆ ಸಾಲನ್ನು ನೋಡಿದ. ಒಂದು ಎಲೆಯ ಮುಂದೆ ಕೂತು ಬಡಿಸಲು ಸನ್ನೆ ಮಾಡಿದ.

ಅಲ್ಲಿಂದ ಮುಂದೆ ನಾಲ್ಕು ಜನ ಸೇರುವ ದಿನ ಅವನು ಸೂಜಿ ಚುಚ್ಚಿಕೊಳ್ಳುತ್ತಿರಲಿಲ್ಲ. ಬರಬರುತ್ತ, ಚಿಕ್ಕಮ್ಮನಿಗೂ ಹೇಳದೆ, ಬೇರೆ ದಿನಗಳಲ್ಲೂ ಬಿಟ್ಟ. ತಂಗಿಗೆ ಬೇರೆ ಕಡೆ ಮದುವೆಯಾಯಿತು, ಚೆನ್ನಾಗಿದ್ದಾಳೆ. ಅದರಿಂದಲೂ ಅವನು ಬದಲಾಗಲಿಲ್ಲ. ಬೈದ ಡಾಕ್ಟರಿಗೆ ಒಂದೇ ಉತ್ತರ: "ಸಕ್ಕರೆ ಏರಿದ್ರೆ ಯಾರ್ಗೂ ಕಾಣಾಕಿಲ್ಲ ಸಾರ್. ಇಳಿದ್ರೆ ಊರಿಗೆಲ್ಲ ಕಾಣ್ತೈತೆ." ಕಾಲಿನ ಗಾಯ ಮಾಯಲಿಲ್ಲ, ಆಮೇಲೆ ಕಿಡ್ನಿ. ಹೋದ ವರ್ಷ ತೀರಿಕೊಂಡ.

ಅವನನ್ನು ಕೊಂದದ್ದು ಆ ಫೋನು ಎಂದು ಬರೆದರೆ ಕಥೆ ನೆಟ್ಟಗೆ ಕೂರುತ್ತದೆ. ನನಗೆ ಅಷ್ಟು ಖಾತ್ರಿಯಿಲ್ಲ.

ತಿಥಿ ಮುಗಿದ ಮೇಲೆ ಚಿಕ್ಕಮ್ಮ ಮೊಳೆಗೆ ತೂಗುಹಾಕಿದ್ದ ಅವನ ಅಂಗಿಯನ್ನು ಇಳಿಸಿ, ಜೇಬನ್ನು ಹೊರಕ್ಕೆ ಮಗುಚಿ ನೋಡಿದಳು. ಬಿಳಿ ಬಟ್ಟೆ. ಒಂದು ಕಲೆಯೂ ಇರಲಿಲ್ಲ.

"ಈಚೀಚೆಗೆ ಇರುವೆನೇ ಬತ್ತಿರ್ಲಿಲ್ಲ ಕಣಪ್ಪ" ಎಂದಳು. "ನಾನು ನೋಡ್ಬೇಕಿತ್ತು."